ಯುದ್ಧನೌಕೆಯ ಶಾಂತಿಕಾಲ: ಅರಿಜೋನಾ, 1916ರಿಂದ 1941ರವರೆಗೆ

ಅಮೆರಿಕದ ಅರಿಜೋನಾ ಹಡಗು ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1941ರ ಡಿಸೆಂಬರ್ 7, ಭಾನುವಾರದ ಬೆಳಗು. ಹವಾಯಿಯ ಪರ್ಲ್ ಹಾರ್ಬರ್, ಆಕಾಶದಲ್ಲಿ ಜಪಾನಿನ ವಿಮಾನಗಳು, ಮುಂಭಾಗದ ಮದ್ದಿನ ಕೋಣೆ ಸಿಡಿದು ಕುಸಿದ ಹಡಗು, 1,177 ಸಾವು. ಆ ಬೆಳಗಿನ ಬಗ್ಗೆ ಸಾಕಷ್ಟು ಪುಸ್ತಕಗಳಿವೆ, ಚಿತ್ರಗಳಿವೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಅದಕ್ಕೂ ಹಿಂದಿನ ಇಪ್ಪತ್ತೈದು ವರ್ಷಗಳ ಬಗ್ಗೆ. ಈ ಹಡಗು ತನ್ನ ಆಯುಸ್ಸನ್ನೆಲ್ಲ ಹೆಚ್ಚುಕಡಿಮೆ ಶಾಂತಿಕಾಲದಲ್ಲೇ ಕಳೆಯಿತು. ಅದರ ಹನ್ನೆರಡು ದೊಡ್ಡ ತೋಪುಗಳಿಂದ ಶತ್ರುವಿನ ಕಡೆ ಒಂದೇ ಒಂದು ಗುಂಡೂ ಹಾರಲಿಲ್ಲ.

ಹಾಗಾದರೆ ಇಷ್ಟು ದೊಡ್ಡ ಹಡಗನ್ನು, ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು, ಅಷ್ಟು ವರ್ಷ ಏನು ಮಾಡುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಾಂತಿಕಾಲದ ಯುದ್ಧನೌಕೆಯನ್ನು ನಡೆಸುವುದು ಕ್ಯಾಪ್ಟನ್ ಒಬ್ಬನೇ ಅಲ್ಲ. ಎಣ್ಣೆ ಎಲ್ಲಿ ಸಿಗುತ್ತದೆ, ಒಪ್ಪಂದದಲ್ಲಿ ಏನು ಬರೆದಿದೆ, ಸಂಸತ್ತು ಎಷ್ಟು ದುಡ್ಡು ಕೊಡುತ್ತದೆ, ನಾವಿಕನ ಹೆಂಡತಿ ಮಕ್ಕಳು ಯಾವ ಊರಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ, ಇವೆಲ್ಲ ಸೇರಿ ಅದನ್ನು ನಡೆಸುತ್ತವೆ. 1941ರ ಆ ಬೆಳಗು ಹಡಗು ಎಲ್ಲಿತ್ತು, ಅದರೊಳಗೆ ಯಾರಿದ್ದರು ಎನ್ನುವುದನ್ನೂ ತೀರ್ಮಾನಿಸಿದ್ದು ಇವೇ.

ಮೊದಲಿನಿಂದ ಬರೋಣ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ನೌಕಾಂಗಣದಲ್ಲಿ 1914ರ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. 1915ರ ಜೂನ್ 19ರಂದು ಹಡಗು ನೀರಿಗಿಳಿಯಿತು. ಅರಿಜೋನಾ ಆಗ ರಾಜ್ಯವಾಗಿ ಮೂರೇ ವರ್ಷವಾಗಿತ್ತು, ಮೇಲಾಗಿ ಅದೇ ವರ್ಷದ ಜನವರಿಯಿಂದ ಅಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಹಡಗಿನ ಮೂತಿಗೆ ಷಾಂಪೇನ್ ಬಾಟಲಿ ಒಡೆಯುವುದು ನೌಕಾಪಡೆಯ ಹಳೆಯ ಸಂಪ್ರದಾಯ. ನಿಷೇಧ ಹಾಕಿದ ರಾಜ್ಯದ ಹೆಸರಿನ ಹಡಗಿಗೆ ಮದ್ಯ ಒಡೆಯುವುದು ಹೇಗೆ ಎಂದು ಚರ್ಚೆ ಎದ್ದಿತು. ಕೊನೆಗೆ ಎರಡು ಬಾಟಲಿ ಒಡೆದರು. ಒಂದರಲ್ಲಿ ಮದ್ಯ, ಇನ್ನೊಂದರಲ್ಲಿ ಅರಿಜೋನಾದ ರೂಸ್‌ವೆಲ್ಟ್ ಅಣೆಕಟ್ಟೆಯ ನೀರು. ಮರುಭೂಮಿಯ ಜನಕ್ಕೆ ಆ ಅಣೆಕಟ್ಟೆ ತುಂಬಿ ಹರಿದದ್ದು ದೊಡ್ಡ ಹೆಮ್ಮೆ, ಆ ನೀರನ್ನು ಅಷ್ಟು ದೂರ ಹೊತ್ತು ತಂದಿದ್ದರು.

1916ರ ಅಕ್ಟೋಬರ್ 17ರಂದು ಹಡಗು ಸೇವೆಗೆ ಸೇರಿತು. ಉದ್ದ 608 ಅಡಿ. ಮೂರು ಮೂರು ತೋಪುಗಳ ನಾಲ್ಕು ಟರೆಟ್, ಅಂದರೆ ತಿರುಗುವ ಉಕ್ಕಿನ ತೋಪುಗೂಡು, ಒಂದೊಂದು ತೋಪಿನ ಬಾಯಿ 14 ಅಂಗುಲ. ತೂಕ 31,000 ಟನ್ನಿಗೂ ಹೆಚ್ಚು. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸಿ ಓಡುವ ಹಡಗು. ಆ ಕಾಲಕ್ಕೆ ಅದು ಅತ್ಯಾಧುನಿಕ. ಆದರೆ ಅದೇ ಕಾರಣಕ್ಕೆ ಮೊದಲ ಮಹಾಯುದ್ಧ ಅದರ ಕೈತಪ್ಪಿತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಬ್ರಿಟನ್ನಿನಲ್ಲಿ ಎಣ್ಣೆಗೆ ಬರ, ಕಲ್ಲಿದ್ದಲಿಗೆ ಬರವಿಲ್ಲ. ಹಾಗಾಗಿ ಅಮೆರಿಕ ಅಲ್ಲಿಗೆ ಮೊದಲು ಕಳಿಸಿದ್ದು ಕಲ್ಲಿದ್ದಲಿನ ಹಳೆಯ ಹಡಗುಗಳನ್ನು. ಹೊಸ ಹಡಗು ಅರಿಜೋನಾ ವರ್ಜೀನಿಯಾದ ಕರಾವಳಿಯಲ್ಲಿ ತೋಪಿನ ತರಬೇತಿ ಕೊಡುತ್ತ ಉಳಿಯಿತು. ಯುದ್ಧ ನಿಂತು ಒಂದು ವಾರವಾದ ಮೇಲೆ ಯುರೋಪಿಗೆ ಹೊರಟಿತು. ಶಾಂತಿ ಸಮ್ಮೇಳನಕ್ಕೆ ಹೋಗುತ್ತಿದ್ದ ಅಧ್ಯಕ್ಷ ವಿಲ್ಸನ್ ಅವರ ಹಡಗಿಗೆ ಬೆಂಗಾವಲಾಗಿ ಫ್ರಾನ್ಸಿನ ಬ್ರೆಸ್ಟ್ ಬಂದರು ಮುಟ್ಟಿದ ನೌಕೆಗಳಲ್ಲಿ ಅದೂ ಒಂದು.

1919ರ ಮೇ ತಿಂಗಳಲ್ಲಿ ಅದನ್ನು ಸ್ಮಿರ್ನಾಕ್ಕೆ, ಅಂದರೆ ಇಂದಿನ ಟರ್ಕಿಯ ಇಜ್ಮಿರ್‌ಗೆ ಕಳಿಸಿದರು. ಗ್ರೀಕ್ ಸೇನೆ ಆ ಊರಿಗೆ ಇಳಿಯುತ್ತಿದ್ದ ಹೊತ್ತು ಅದು. ಇಳಿದ ದಿನವೇ ಬೀದಿಗಳಲ್ಲಿ ರಕ್ತ ಹರಿಯಿತು. ಅರಿಜೋನಾದ ಮರೀನ್ ಯೋಧರು ಅಮೆರಿಕದ ದೂತಾವಾಸಕ್ಕೆ ಕಾವಲು ನಿಂತರು, ಕೆಲವು ಅಮೆರಿಕನ್ನರು ಬಂದು ಹಡಗಿನಲ್ಲಿ ಆಶ್ರಯ ಪಡೆದರು. ಹಡಗಿನ ತೋಪುಗಳು ಸುಮ್ಮನೇ ಇದ್ದವು. ಬಂದರಿನಲ್ಲಿ ಕಾಣುವಂತೆ ನಿಂತಿರುವುದೇ ಅಲ್ಲಿ ಅದರ ಕೆಲಸ. ಮುಂದಿನ ಎರಡು ದಶಕ ಅದು ಮಾಡಿದ್ದರಲ್ಲಿ ಬಹುಪಾಲು ಇಂಥದ್ದೇ. 1921ರಲ್ಲಿ ಪೆರು ದೇಶದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದಾಗಲೂ ಹೀಗೇ ಹೋಗಿ ಗೌರವ ಸಲ್ಲಿಸಿ ಬಂತು.

ಆ ವರ್ಷದಿಂದ ಹಡಗಿನ ಮನೆ ಶಾಂತಸಾಗರದ ಕಡೆಗೆ ಬದಲಾಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಬಂದರು, ಪಕ್ಕದಲ್ಲೇ ಲಾಂಗ್ ಬೀಚ್. ಜರ್ಮನಿಯ ನೌಕಾಪಡೆ ಇಲ್ಲವಾಗಿತ್ತು, ಇನ್ನು ನೋಡಬೇಕಾದದ್ದು ಜಪಾನಿನ ಕಡೆಗೆ ಎಂಬ ಲೆಕ್ಕಾಚಾರ.

ಇಲ್ಲಿ ವಾಷಿಂಗ್ಟನ್ ಒಪ್ಪಂದದ ಬಗ್ಗೆ ಹೇಳದೆ ಮುಂದೆ ಹೋಗಲಾಗದು. 1922ರ ಫೆಬ್ರವರಿ 6ರಂದು ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಇಟಲಿ ಸಹಿ ಹಾಕಿದ ಒಪ್ಪಂದ. ದೊಡ್ಡ ಯುದ್ಧನೌಕೆಗಳ ವಿಷಯದಲ್ಲಿ ಅಮೆರಿಕಕ್ಕೆ ಐದು, ಬ್ರಿಟನ್ನಿಗೆ ಐದು, ಜಪಾನಿಗೆ ಮೂರು ಎಂಬ ಪ್ರಮಾಣ ಗೊತ್ತಾಯಿತು. ಕೆಲವೇ ವಿನಾಯಿತಿ ಬಿಟ್ಟರೆ ಹತ್ತು ವರ್ಷ ಹೊಸದನ್ನು ಕಟ್ಟುವಂತಿಲ್ಲ. 1930ರಲ್ಲಿ ಲಂಡನ್ನಿನಲ್ಲಿ ಸೇರಿ ಆ ಬಿಡುವನ್ನು 1936ರವರೆಗೆ ಬೆಳೆಸಿದರು. ಪರಿಣಾಮ ನೋಡಿ: 1923ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾ ಸೇವೆಗೆ ಸೇರಿದ ಮೇಲೆ ಅಮೆರಿಕಕ್ಕೆ ಇನ್ನೊಂದು ಹೊಸ ಬ್ಯಾಟಲ್‌ಶಿಪ್, ಅಂದರೆ ಅರಿಜೋನಾದಂಥ ದೊಡ್ಡ ತೋಪಿನ ಯುದ್ಧನೌಕೆ, ಬಂದದ್ದು 1941ರ ಏಪ್ರಿಲ್‌ನಲ್ಲಿ. ಹದಿನೇಳು ವರ್ಷಕ್ಕೂ ಮೀರಿ ಹೊಸ ಹಡಗಿಲ್ಲ! ಇದ್ದದ್ದರಲ್ಲೇ ದಿನ ತಳ್ಳಬೇಕು. ಹಾಗಾಗಿ 1916ರ ಅರಿಜೋನಾ ಹಳೆಯದಾದರೂ ಮುಂಚೂಣಿಯಲ್ಲೇ ಉಳಿಯಿತು. ಈ ಒಪ್ಪಂದವನ್ನು ಆಮೇಲೆ ಬೈದವರು ಬಹಳ ಜನ. ನನಗೆ ಮಾತ್ರ ಅದರ ಮೇಲೆ ಗೌರವವಿದೆ. ದೇಶದೇಶಗಳು ಪೈಪೋಟಿಗೆ ಬಿದ್ದು ಹಡಗು ಕಟ್ಟುತ್ತಿದ್ದ ಕಾಲದಲ್ಲಿ, ಅರ್ಧ ಕಟ್ಟಿದ ಹಡಗುಗಳನ್ನು ತಾವಾಗಿಯೇ ಒಡೆದು ಗುಜರಿಗೆ ಹಾಕಲು ಒಪ್ಪಿದರಲ್ಲ, ಅದು ಸಣ್ಣ ಮಾತಲ್ಲ.

ಈಗ ಹಡಗಿನ ಒಳಗೆ ಹೋಗೋಣ. ದಿನ ಶುರುವಾಗುತ್ತಿದ್ದದ್ದು ಡೆಕ್ ಉಜ್ಜುವುದರಿಂದ. ಮರದ ಹಲಗೆಯ ಡೆಕ್, ಅದರ ಮೇಲೆ ಮರಳು, ನೀರು. ಇಟ್ಟಿಗೆಯಂಥ ಮೆದುಕಲ್ಲಿನಲ್ಲಿ ಒಂದು ಗುಳಿ, ಆ ಗುಳಿಗೆ ಕೋಲು ಸಿಕ್ಕಿಸಿ, ಸಾಲಾಗಿ ಬರಿಗಾಲಲ್ಲಿ ನಿಂತು, ಎಲ್ಲರೂ ಒಂದೇ ತಾಳಕ್ಕೆ ಹಿಂದೆ ಮುಂದೆ ಉಜ್ಜಬೇಕು. ಒಂದು ಹಲಗೆಗೆ ಇಂತಿಷ್ಟು ಸಲ ಎಂದು ಮೇಲಿನವನು ಎಣಿಸುತ್ತಾನೆ, ಆಮೇಲೆ ಮುಂದಿನ ಹಲಗೆ. ಮಲಗಲು ಬಹುಮಂದಿಗೆ ಬಟ್ಟೆಯ ತೂಗುಹಾಸಿಗೆ. ರಾತ್ರಿ ಕೊಕ್ಕೆಗೆ ಕಟ್ಟಬೇಕು, ಬೆಳಗ್ಗೆ ಸುತ್ತಿ ಕಟ್ಟಿ ಒಳಗಿಡಬೇಕು. ಮಲಗಿದ ಜಾಗದಲ್ಲೇ ಊಟದ ಮೇಜು, ಊಟ ಮುಗಿದರೆ ಮೇಜನ್ನೂ ಮಡಚಿ ಮೇಲಕ್ಕೆ ಸಿಕ್ಕಿಸುವುದು. ಮದ್ಯ ಇಲ್ಲವೇ ಇಲ್ಲ, 1914ರಿಂದಲೇ ಅಮೆರಿಕದ ಯುದ್ಧನೌಕೆಗಳಲ್ಲಿ ಅದು ನಿಷಿದ್ಧ. ಕಾಫಿ ಮಾತ್ರ ಹಗಲೂ ರಾತ್ರಿ. ಬಂದರಿನಲ್ಲಿದ್ದಾಗ ಸಂಜೆ ಡೆಕ್ಕಿನ ಮೇಲೆ ಪರದೆ ಕಟ್ಟಿ ಸಿನಿಮಾ. ಹಡಗಿಗೆ ತನ್ನದೇ ಪತ್ರಿಕೆ, ಬ್ಯಾಂಡು, ಫುಟ್‌ಬಾಲ್ ತಂಡ, ಮುಷ್ಟಿಯುದ್ಧದ ಪಟುಗಳು. ಬೇರೆ ಹಡಗಿನವರ ಜೊತೆ ದೋಣಿ ಸ್ಪರ್ಧೆ ಬಂದರೆ ಸಂಬಳವನ್ನೇ ಪಣಕ್ಕಿಡುವವರಿದ್ದರು.

ಹೊಸದಾಗಿ ಸೇರಿದ ಹುಡುಗನಿಗೆ ತಿಂಗಳಿಗೆ 21 ಡಾಲರ್.

ಎಲ್ಲರೂ ಒಂದೇ ಸಮ ಇದ್ದರು ಅಂದುಕೊಳ್ಳಬೇಡಿ. 1919ರಿಂದ 1932ರವರೆಗೆ ಅಮೆರಿಕದ ನೌಕಾಪಡೆ ಕಪ್ಪು ಜನರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತ್ತು. ಮತ್ತೆ ಬಾಗಿಲು ತೆರೆದಾಗಲೂ ಅಧಿಕಾರಿಗಳಿಗೆ ಊಟ ಬಡಿಸುವ, ಹಾಸಿಗೆ ಹಾಸುವ, ಬೂಟು ಒರೆಸುವ ಕೆಲಸಕ್ಕೆ ಮಾತ್ರ. ಆ ಕೆಲಸದಲ್ಲಿ ಅವರ ಜೊತೆಗಿದ್ದವರು ಫಿಲಿಪೀನ್ಸಿನವರು, ಗುವಾಮ್ ದ್ವೀಪದವರು. ಹಡಗಿನ ಗುಂಪು ಫೋಟೋಗಳನ್ನು ನೋಡುವಾಗ ಇದು ನೆನಪಿರಲಿ. ತೋಪಿನ ಪಕ್ಕ ನಿಲ್ಲುವ ಹಕ್ಕು ಯಾರಿಗಿತ್ತು, ತಟ್ಟೆ ಹಿಡಿದು ನಿಲ್ಲುವ ಪಾಡು ಯಾರದ್ದಾಗಿತ್ತು ಎನ್ನುವುದು ಅಲ್ಲಿ ಕಾಣುತ್ತದೆ.

ಹಡಗಿನ ಮುಖ್ಯ ಕಸುಬು ತೋಪಿನ ಅಭ್ಯಾಸ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಶೆಲ್ಲಿನ, ಅಂದರೆ ತೋಪಿನ ಗುಂಡಿನ, ತೂಕ 1,400 ಪೌಂಡು, ಅಂದರೆ 635 ಕಿಲೋ. ಅದು ಕೆಳಗಿನ ಅಂತಸ್ತಿನಿಂದ ಯಂತ್ರದ ಮೇಲೆ ಬರುತ್ತದೆ. ತೋಪಿನ ಹಿಂಬಾಗಿಲು ತೆರೆದು, ಯಂತ್ರದ ಕೈಯಿಂದ ಶೆಲ್ಲನ್ನು ಒಳಗೆ ದೂಡುತ್ತಾರೆ. ಅದರ ಹಿಂದೆ ಮದ್ದಿನ ಚೀಲಗಳು. ಚೀಲಗಳು ರೇಷ್ಮೆಯವು. ರೇಷ್ಮೆಯಾದರೆ ಪೂರ್ತಿ ಉರಿದುಹೋಗುತ್ತದೆ, ಕೆಂಡ ಉಳಿಯುವುದು ಕಡಿಮೆ. ಹಿಂಬಾಗಿಲು ಮುಚ್ಚಿ, ತಿರುಗಿಸಿ, ಬಿಗಿಯುತ್ತಾರೆ. ಹಾರಿಸಿದ ಮೇಲೆ ಬಾಗಿಲು ತೆರೆಯುವಾಗ ಗಾಳಿ ಊದಿ ನಳಿಗೆಯಲ್ಲಿ ಉಳಿದ ಬಿಸಿ ಅನಿಲವನ್ನೂ ಕಿಡಿಯನ್ನೂ ಮುಂದಕ್ಕೆ ಓಡಿಸಬೇಕು. ಇದು ಮುಖ್ಯ. ಒಂದೇ ಒಂದು ಕಿಡಿ ಹಿಂದೆ ಉಳಿದು, ಮುಂದಿನ ಮದ್ದಿನ ಚೀಲ ಅದಕ್ಕೆ ತಾಗಿದರೆ ಟರೆಟ್ಟಿನ ಒಳಗೇ ಬೆಂಕಿ. ಅದೂ ಆಯಿತು. 1924ರ ಜೂನ್ 12ರಂದು ಅದೇ ನೌಕಾಪಡೆಯ ಮಿಸಿಸಿಪ್ಪಿ ಹಡಗು ಸ್ಯಾನ್ ಪೆಡ್ರೊ ಆಚೆಯ ಕಡಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಒಂದು ಟರೆಟ್ಟಿನಲ್ಲಿ ಬೆಂಕಿ ಎದ್ದು 48 ಮಂದಿ ಸತ್ತರು. ಯುದ್ಧ ಎಲ್ಲೂ ಇರಲಿಲ್ಲ. ಗುರಿ ಅಂದರೆ ಮತ್ತೊಂದು ಹಡಗು ಎಳೆದುಕೊಂಡು ಹೋಗುತ್ತಿದ್ದ ತೆಪ್ಪ, ಅದರ ಮೇಲೆ ಕಟ್ಟಿದ ಬಟ್ಟೆಯ ಪರದೆ.

ಇಷ್ಟು ಅಪಾಯ ಇದ್ದೂ ಯಾಕೆ ಅವಸರ ಮಾಡುತ್ತಿದ್ದರು? ಸ್ಪರ್ಧೆ. ಅತಿ ವೇಗವಾಗಿ, ಅತಿ ನಿಖರವಾಗಿ ಹಾರಿಸಿದ ಟರೆಟ್ಟಿಗೆ ಇಂಗ್ಲಿಷಿನ ಇ (E) ಅಕ್ಷರವನ್ನು ಬಿಳಿ ಬಣ್ಣದಲ್ಲಿ ಬರೆಯುವ ಗೌರವ, ಅಲ್ಲಿ ಕೆಲಸ ಮಾಡಿದವರಿಗೆ ಒಂದಿಷ್ಟು ಬಹುಮಾನದ ಹಣ. ಎಂಜಿನ್ ವಿಭಾಗಕ್ಕೆ ಹೊಗೆಗೊಳವೆಯ ಮೇಲೆ ಕೆಂಪು ಇ. ಅದು ಎಣ್ಣೆ ಉಳಿಸಿದ್ದಕ್ಕೆ. ಎಣ್ಣೆ ಉಳಿಸುವ ಈ ಗೀಳು ಎಲ್ಲಿಗೆ ಹೋಯಿತೆಂದರೆ, ಹಡಗುಗಳಲ್ಲಿ ದೀಪ ಆರಿಸಿದರು, ಬಿಸಿನೀರು ಕಡಿತ ಮಾಡಿದರು, ಚಳಿಯಲ್ಲೂ ಕಾಯಿಸುವ ಕೊಳವೆ ಮುಚ್ಚಿದರು. ಮೇಲಧಿಕಾರಿಯ ಬಡ್ತಿ ಆ ಅಂಕಗಳ ಮೇಲೆ ನಿಂತಿತ್ತು, ಅದಕ್ಕಾಗಿ ನಡುಗಿದವನು ಕೆಳಗಿನ ನಾವಿಕ. ಅಂಕಕ್ಕಾಗಿ ಅಭ್ಯಾಸ ಮಾಡುತ್ತ ಹೋದಂತೆ ಯುದ್ಧ ಹೇಗಿರುತ್ತದೆ ಎಂಬ ಯೋಚನೆಯೇ ಮಾಸುತ್ತದೆ. ತಿಳಿಯಾದ ಹಗಲು, ಗೊತ್ತಿರುವ ದಿಕ್ಕು, ಗೊತ್ತಿರುವ ವೇಗದಲ್ಲಿ ಸಾಗುವ ತೆಪ್ಪ. ಆ ಕಾಲದ ನೌಕಾಪಡೆಯ ದೊಡ್ಡ ದೌರ್ಬಲ್ಯ ಇದೇ ಎಂದು ನಾನು ನಂಬಿದ್ದೇನೆ.

1924ರ ಒಂದು ಪ್ರಕರಣ ಹೇಳಬೇಕು. ಆ ವಸಂತದಲ್ಲಿ ಅರಿಜೋನಾ ನ್ಯೂಯಾರ್ಕಿನಲ್ಲಿದ್ದಾಗ, ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕೆಂಬ ಆಸೆಯ ಒಬ್ಬ ಹತ್ತೊಂಬತ್ತರ ಹುಡುಗಿ ನಾವಿಕರ ನೆರವಿನಿಂದ ಕದ್ದು ಹಡಗು ಹತ್ತಿದಳು. ಪನಾಮಾ ತಲುಪುವವರೆಗೂ ಅಧಿಕಾರಿಗಳಿಗೆ ಸುಳಿವೇ ಸಿಗಲಿಲ್ಲ. ಸಾವಿರ ಗಂಡಸರ ನಡುವೆ, ಅಷ್ಟು ಇಕ್ಕಟ್ಟಿನಲ್ಲಿ, ವಾರಗಟ್ಟಲೆ! ಪತ್ರಿಕೆಗಳು ಇದನ್ನು ರಂಜನೆಯ ಸುದ್ದಿ ಮಾಡಿದವು. ರಂಜನೆ ನನಗೆ ಕಾಣುವುದಿಲ್ಲ. ಆ ಹುಡುಗಿ ಬದುಕಲು ದೇಹ ಮಾರುತ್ತಿದ್ದವಳು, ಆ ಪ್ರಯಾಣದಲ್ಲೂ ಅದೇ ನಡೆಯಿತು. 23 ಮಂದಿ ನಾವಿಕರಿಗೆ ಕೋರ್ಟ್ ಮಾರ್ಷಲ್ ಆಯಿತು, ಕೆಲವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಿದರು. ಹಡಗಿನ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಇದನ್ನು ಒಂದೇ ಸಾಲಿನಲ್ಲಿ ದಾಟಿಸುತ್ತಾರೆ. ಇದೂ ಆ ಶಾಂತಿಕಾಲದ ಭಾಗವೇ.

1929ರಲ್ಲಿ ಹಡಗು ವರ್ಜೀನಿಯಾದ ನಾರ್ಫೋಕ್ ನೌಕಾಂಗಣಕ್ಕೆ ಹೋಯಿತು, ಮತ್ತೆ ಪೂರ್ಣ ಸೇವೆಗೆ ಬಂದದ್ದು 1931ರ ಮಾರ್ಚ್ 1ರಂದು. ಒಪ್ಪಂದ ಹೊಸ ಹಡಗಿಗೆ ಅವಕಾಶ ಕೊಡದಿದ್ದರೂ, ವಿಮಾನ ಮತ್ತು ಜಲಾಂತರ್ಗಾಮಿಗಳಿಂದ ರಕ್ಷಣೆಗಾಗಿ ಹಳೆಯ ಹಡಗಿಗೆ 3,000 ಟನ್ನಿನವರೆಗೆ ಸೇರಿಸಬಹುದು ಎಂದಿತ್ತು. ಅದನ್ನು ಪೂರ್ತಿ ಬಳಸಿಕೊಂಡರು. ಬುಟ್ಟಿ ಹೆಣೆದಂತಿದ್ದ ಹಳೆಯ ಕಂಬಗಳನ್ನು ಕಿತ್ತು ಮೂರು ಕಾಲಿನ ಗಟ್ಟಿ ಕಂಬ ನಿಲ್ಲಿಸಿದರು. 12 ಬಾಯ್ಲರ್ ತೆಗೆದು 6 ಹೊಸದನ್ನು ಕೂರಿಸಿದರು. ಡೆಕ್ಕಿನ ಉಕ್ಕಿನ ಕವಚ ದಪ್ಪವಾಯಿತು. ವಿಮಾನ ಚಿಮ್ಮಿಸುವ ಸಾಧನ ಬಂತು. ಚಿಮ್ಮಿದ ವಿಮಾನ ಮೇಲಿನಿಂದ ನೋಡಿ ಶೆಲ್ ಎಲ್ಲಿ ಬಿತ್ತೆಂದು ತಿಳಿಸಿ, ಆಮೇಲೆ ನೀರಿನ ಮೇಲಿಳಿದರೆ ಕ್ರೇನಿನಿಂದ ಎತ್ತಿಕೊಳ್ಳುವುದು. ತೋಪುಗಳನ್ನು ಮೊದಲು 15 ಡಿಗ್ರಿಯಷ್ಟು ಮಾತ್ರ ಎತ್ತಬಹುದಿತ್ತು, ಈಗ 30 ಡಿಗ್ರಿ. ಇದರಿಂದ ಗುಂಡು ಹೋಗುವ ದೂರ ಸುಮಾರು 22 ಕಿಲೋಮೀಟರಿನಿಂದ 30ನ್ನೂ ದಾಟಿತು. ಇದು ಒಪ್ಪಂದದ ಉಲ್ಲಂಘನೆ ಎಂದು ಬ್ರಿಟನ್ ಇಪ್ಪತ್ತರ ದಶಕದಲ್ಲಿ ತಕರಾರು ಎತ್ತಿತ್ತು.

ಬದಲಾವಣೆಗಳಲ್ಲಿ ನನಗೆ ಬಹಳ ಹಿಡಿಸುವುದು ಅಗಲದ ಲೆಕ್ಕ. ಟಾರ್ಪಿಡೊ ತಡೆಯಲು ಹಡಗಿನ ಎರಡೂ ಬದಿಗೆ ಉಬ್ಬು ಕಟ್ಟಿದರು. 97 ಅಡಿ ಇದ್ದ ಅಗಲ 106 ಅಡಿ ದಾಟಿತು. ಪನಾಮಾ ಕಾಲುವೆಯ ಲಾಕ್‌ಗಳ, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ಕಟ್ಟೆಗಳ, ಅಗಲ 110 ಅಡಿ. ಅಂದರೆ ಎರಡೂ ಬದಿಗೆ ಸೇರಿ ನಾಲ್ಕು ಅಡಿಯೂ ಉಳಿಯುವುದಿಲ್ಲ. ನೀವು ಡೆಕ್ಕಿನ ಅಂಚಿನಲ್ಲಿ ನಿಂತು ಕೈಚಾಚಿದರೆ ಕಾಂಕ್ರೀಟ್ ಗೋಡೆ ಸಿಗುವಷ್ಟು ಹತ್ತಿರ. ಎರಡೂ ದಡದ ಹಳಿಗಳ ಮೇಲಿನ ವಿದ್ಯುತ್ ಎಂಜಿನ್ನುಗಳು ತಂತಿ ಬಿಗಿಹಿಡಿದು, ಹಡಗು ಗೋಡೆಗೆ ತಾಗದಂತೆ ನಡುವಿನಲ್ಲಿ ಹಿಡಿದು ಮುಂದೆ ಸಾಗಿಸುತ್ತಿದ್ದವು. ಅಮೆರಿಕದ ಯುದ್ಧನೌಕೆ ಎಷ್ಟು ಅಗಲ ಬೆಳೆಯಬಹುದು ಎಂಬ ಮಿತಿಯನ್ನು ಆ ಕಾಲುವೆ ಹಾಕಿಕೊಟ್ಟಿತ್ತು. ಒಂದೇ ನೌಕಾಪಡೆಯನ್ನು ಎರಡು ಸಾಗರಗಳ ನಡುವೆ ಓಡಾಡಿಸಬೇಕಿದ್ದರೆ ಬೇರೆ ದಾರಿ ಇರಲಿಲ್ಲ.

ದುರಸ್ತಿ ಮುಗಿದ ಕೂಡಲೇ ಮೊದಲ ಅತಿಥಿ ಅಧ್ಯಕ್ಷ ಹರ್ಬರ್ಟ್ ಹೂವರ್. 1931ರ ಮಾರ್ಚ್ 19ರಂದು ಹಡಗು ಹತ್ತಿ ಪೋರ್ಟೊರಿಕೊ, ವರ್ಜಿನ್ ದ್ವೀಪಗಳಿಗೆ ಹೋಗಿ, 29ಕ್ಕೆ ವಾಪಸು. ಆರ್ಥಿಕ ಕುಸಿತ ದೇಶವನ್ನು ಹಿಂಡುತ್ತಿದ್ದ ಕಾಲ. ಅಮೆರಿಕ 1917ರಲ್ಲಿ 25 ದಶಲಕ್ಷ ಡಾಲರ್ ಕೊಟ್ಟು ಡೆನ್ಮಾರ್ಕಿನಿಂದ ವರ್ಜಿನ್ ದ್ವೀಪಗಳನ್ನು ಕೊಂಡಿತ್ತು. ನೋಡಿ ಬಂದ ಹೂವರ್, ನಾವು ಕೊಂಡದ್ದು ಒಂದು ನಿರ್ಗತಿಕರ ಆಶ್ರಯಧಾಮವನ್ನು ಎಂಬ ಅರ್ಥದ ಮಾತಾಡಿದರು. ದ್ವೀಪದವರು ಅದನ್ನು ಮರೆಯಲಿಲ್ಲ. ಅಷ್ಟು ಭಾರಿ ಹಡಗಿನಲ್ಲಿ ಬಂದು ಬಡತನದ ಬಗ್ಗೆ ಹಾಗೆ ಮಾತಾಡಿ ಹೋದರೆ ಯಾರು ತಾನೇ ಮರೆಯುತ್ತಾರೆ?

ಬಡತನ ಹಡಗಿಗೂ ಬಂತು. 1933ರ ಮಾರ್ಚ್‌ನಲ್ಲಿ ಹೊಸ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಮಿತವ್ಯಯ ಕಾಯ್ದೆಯ ಕೆಳಗೆ ನೌಕರರ ಸಂಬಳದಲ್ಲಿ ಶೇಕಡಾ 15 ಕಡಿತ. 21 ಡಾಲರಿನವನ ಕೈಗೆ 17 ಡಾಲರ್ 85 ಸೆಂಟ್. ಆದರೂ ಸೇರಲು ಹುಡುಗರು ಸಾಲುಗಟ್ಟಿದ್ದರು. ಊಟ, ಬಟ್ಟೆ, ಮಲಗಲು ಜಾಗ ಸಿಗುತ್ತದಲ್ಲ. ಹೊಲ ಕಳೆದುಕೊಂಡವರ, ಗಣಿ ಮುಚ್ಚಿದ ಊರುಗಳ ಮಕ್ಕಳು ಅವರು. ಅಣ್ಣ ಸೇರಿದರೆ ಹಿಂದೆಯೇ ತಮ್ಮ. ಈ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ತಿಂಗಳು, ಮಾರ್ಚ್ 10ರ ಸಂಜೆ 5 ಗಂಟೆ 54 ನಿಮಿಷಕ್ಕೆ ಲಾಂಗ್ ಬೀಚ್ ನಡುಗಿತು. ಸುಮಾರು 120 ಜನ ಸತ್ತರು. ಇಟ್ಟಿಗೆ ಕಟ್ಟಡಗಳ ಮುಂಗೋಡೆಗಳು ಬೀದಿಗೆ ಉರುಳಿದವು, ಜೀವ ಉಳಿಸಿಕೊಳ್ಳಲು ಹೊರಗೆ ಓಡಿಬಂದವರ ಮೇಲೆಯೇ ಬಿದ್ದವು. ಬಂದರಿನಲ್ಲಿದ್ದ ನೌಕಾಪಡೆಯ ಹಡಗುಗಳಿಂದ ನಾವಿಕರು, ಮರೀನ್ ಯೋಧರು ದಡಕ್ಕಿಳಿದರು, ಅರಿಜೋನಾದವರೂ ಇದ್ದರು. ಬೀದಿ ಕಾದರು, ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು, ಮನೆ ಕಳೆದುಕೊಂಡವರಿಗೆ ಅಡುಗೆ ಮಾಡಿ ಬಡಿಸಿದರು. ಅವರಿಗೆ ಅದು ಪರರ ಊರಲ್ಲ, ಅವರ ಹೆಂಡತಿ ಮಕ್ಕಳು ಇದ್ದದ್ದೇ ಅಲ್ಲಿ. ವಿಷಯ ಬಂದಿದೆ, ಒಂದು ಮಾತು ಸೇರಿಸುತ್ತೇನೆ. ಆ ಭೂಕಂಪದಲ್ಲಿ ಹತ್ತಾರು ಶಾಲಾ ಕಟ್ಟಡಗಳು ನೆಲಸಮವಾದವು. ಸಂಜೆಯಾಗಿ ಮಕ್ಕಳು ಮನೆಗೆ ಹೋಗಿದ್ದರಿಂದ ಉಳಿದರು. ಒಂದೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಶಾಲೆ ಕಟ್ಟಡಗಳಿಗೆ ಭೂಕಂಪ ತಡೆಯುವ ಕಡ್ಡಾಯ ನಿಯಮದ ಕಾನೂನು ತಂದಿತು. ಒಂದು ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸ ಆಗುತ್ತದೆ ನೋಡಿ.

1934 ಈ ಹಡಗಿಗೆ ಗೌರವವನ್ನೂ ಕಳಂಕವನ್ನೂ ತಂದ ವರ್ಷ. ವಾರ್ನರ್ ಬ್ರದರ್ಸ್ ಕಂಪನಿ ನಟ ಜೇಮ್ಸ್ ಕ್ಯಾಗ್ನಿಯನ್ನು ಹಾಕಿಕೊಂಡು ನೌಕಾಪಡೆಯ ಬಗ್ಗೆ ಒಂದು ಚಿತ್ರ ತೆಗೆಯಿತು, ಅದರ ಬಹಳಷ್ಟು ದೃಶ್ಯಗಳ ಚಿತ್ರೀಕರಣ ಅರಿಜೋನಾದ ಮೇಲೆಯೇ. ಕಥೆ ಸಾಧಾರಣ. ಆದರೆ ಹಡಗು ಉಸಿರಾಡುತ್ತಿದ್ದಾಗ ಹೇಗಿತ್ತು ಎಂದು ನೋಡಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಡೆಕ್ಕಿನ ಮೇಲೆ ಓಡುವ ಹುಡುಗರಲ್ಲಿ ಹಲವರು ನಿಜವಾದ ನಾವಿಕರು. ಮೇ 31ರಂದು ನ್ಯೂಯಾರ್ಕಿನ ಆಚೆ ರೂಸ್‌ವೆಲ್ಟ್ ಮುಂದೆ ಇಡೀ ನೌಕಾಬಲ ಸಾಲಾಗಿ ಸಾಗಿತು. ವಾಪಸು ಪಶ್ಚಿಮಕ್ಕೆ ಬಂದು, ಜುಲೈ 26ರಂದು ವಾಷಿಂಗ್ಟನ್ ರಾಜ್ಯದ ಕೇಪ್ ಫ್ಲಾಟರಿ ಹತ್ತಿರ ಅರಿಜೋನಾ ಉಮಟಿಲ್ಲಾ ಎಂಬ ಮೀನುಗಾರಿಕೆ ದೋಣಿಗೆ ಡಿಕ್ಕಿ ಹೊಡೆಯಿತು. ಆ ದೋಣಿಯನ್ನು ಇನ್ನೊಂದು ದೋಣಿ ಎಳೆದುಕೊಂಡು ಹೋಗುತ್ತಿತ್ತು. ಅದರಲ್ಲಿದ್ದ ಇಬ್ಬರು ಮೀನುಗಾರರು ಸತ್ತರು. ಇಷ್ಟು ವರ್ಷಗಳಲ್ಲಿ ಈ ಯುದ್ಧನೌಕೆಯಿಂದ ಹೊರಗಿನವರ ಜೀವ ಹೋದದ್ದು ಎಂದು ನನಗೆ ಎದ್ದು ಕಾಣುವುದು ಆ ಇಬ್ಬರದು. ಅವರು ಯಾವ ದೇಶದ ಶತ್ರುಗಳೂ ಅಲ್ಲ, ಅನ್ನ ಹುಡುಕಿ ಕಡಲಿಗೆ ಹೋದವರು. ಕ್ಯಾಪ್ಟನ್ ಮೆಕ್‌ಗಿಲಿವ್ರೇ ಮಿಲ್ನ್ ಮೇಲೆ ಕೋರ್ಟ್ ಮಾರ್ಷಲ್ ನಡೆದು ತಪ್ಪಿತಸ್ಥ ಎಂದು ತೀರ್ಪಾಯಿತು, ಹಡಗಿಗೆ ಬೇರೆ ಕ್ಯಾಪ್ಟನ್ ಬಂದರು. ಮಿಲ್ನ್ ಎರಡು ವರ್ಷದ ನಂತರ ಅಮೆರಿಕನ್ ಸಮೋವಾದ ಗವರ್ನರ್ ಆದರು.

ಅಂಕಗಳಿಗಾಗಿ ಅಭ್ಯಾಸ ಎಂದೆನಲ್ಲ, ಅದಕ್ಕೆ ಅಪವಾದವೂ ಇತ್ತು. 1923ರಿಂದ 1940ರವರೆಗೆ ನೌಕಾಪಡೆ 21 ಮಹಾ ಅಣಕು ಯುದ್ಧಗಳನ್ನು ನಡೆಸಿತು. ಇಡೀ ನೌಕಾಬಲವನ್ನು ಎರಡು ಪಕ್ಷ ಮಾಡಿ, ಒಂದು ಕಾಲುವೆಯನ್ನೋ ದ್ವೀಪವನ್ನೋ ಹಿಡಿಯಬೇಕು, ಇನ್ನೊಂದು ಕಾಯಬೇಕು, ಗೆದ್ದವರು ಯಾರೆಂದು ತೀರ್ಪುಗಾರರು ಹೇಳುತ್ತಾರೆ. ವಿಮಾನವಾಹಕ ನೌಕೆಯ ನಿಜವಾದ ಶಕ್ತಿ ಗೊತ್ತಾದದ್ದು ಇಲ್ಲೇ. 1929ರ ಜನವರಿಯಲ್ಲಿ ಸರಟೋಗಾ ನೌಕೆಯ ವಿಮಾನಗಳು ಪನಾಮಾ ಕಾಲುವೆಯನ್ನು ಅಣಕಾಗಿ ನಾಶ ಮಾಡಿ ತೋರಿಸಿದವು. 1932ರಲ್ಲಿ ಸೇನೆ ಮತ್ತು ನೌಕಾಪಡೆಯ ಜಂಟಿ ಅಭ್ಯಾಸದಲ್ಲಿ ರಿಯರ್ ಅಡ್ಮಿರಲ್ ಹ್ಯಾರಿ ಯಾರ್ನೆಲ್ ಬ್ಯಾಟಲ್‌ಶಿಪ್‌ಗಳನ್ನು ಹಿಂದೆಯೇ ಬಿಟ್ಟು, ಸರಟೋಗಾ ಮತ್ತು ಲೆಕ್ಸಿಂಗ್ಟನ್ ಎಂಬ ಎರಡು ವಿಮಾನವಾಹಕಗಳೊಂದಿಗೆ ಕೆಟ್ಟ ಹವೆಯ ಮರೆಯಲ್ಲಿ ಹವಾಯಿ ಹತ್ತಿರ ಸರಿದರು. ಬೆಳಗಾಗುವ ಹೊತ್ತಿಗೆ ವಿಮಾನಗಳು ಪರ್ಲ್ ಹಾರ್ಬರ್ ಮೇಲಿದ್ದವು. ಕಾಯುತ್ತಿದ್ದವರು ಎದ್ದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನ ಫೆಬ್ರವರಿ 7, ಭಾನುವಾರ.

ಸಭೆಯಲ್ಲಿ ಒಬ್ಬರು ಕೇಳುತ್ತಿದ್ದಾರೆ, ಇಷ್ಟು ಗೊತ್ತಿದ್ದೂ ಯಾಕೆ ಪಾಠ ಕಲಿಯಲಿಲ್ಲ ಅಂತ. ಪಾಠವನ್ನು ಅರ್ಧ ಕಲಿತರು. ವಿಮಾನವಾಹಕಗಳನ್ನು ಬೆಳೆಸಿದರು, ಆ ಕಲಿಕೆಯೇ ಮುಂದೆ ಯುದ್ಧ ಗೆಲ್ಲಿಸಿತು. ಆದರೆ ದೊಡ್ಡ ತೋಪಿನ ಮೇಲೆ ಬಡ್ತಿ ಪಡೆದು ಬೆಳೆದ ಅಧಿಕಾರಿಗಳ ಒಂದು ಇಡೀ ಪೀಳಿಗೆ ಇತ್ತು. ಕಡಲ ಯುದ್ಧ ಎಂದರೆ ಎರಡು ಸಾಲು ಬ್ಯಾಟಲ್‌ಶಿಪ್‌ಗಳು ಎದುರುಬದುರಾಗಿ ಗುಂಡು ಹಾರಿಸುವುದು ಎಂದು ಅವರು ನಂಬಿದ್ದರು. ಆ ನಂಬಿಕೆಯ ಕೇಂದ್ರದಲ್ಲಿ ಅರಿಜೋನಾದಂಥ ಹಡಗುಗಳಿದ್ದವು.

1938ರ ಸೆಪ್ಟೆಂಬರ್‌ನಲ್ಲಿ ಅರಿಜೋನಾ ಒಂದು ವಿಭಾಗದ ಮುಖ್ಯ ನೌಕೆಯಾಯಿತು. ಅದರ ಮೇಲೆ ಬಾವುಟ ಏರಿಸಿದವರು ರಿಯರ್ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್. ಆಗ ಹಡಗಿನ ಕ್ಯಾಪ್ಟನ್ ಐಸಾಕ್ ಕಿಡ್. ಇಬ್ಬರೂ ಒಂದೇ ಹಡಗಿನಲ್ಲಿ. ನಿಮಿಟ್ಜ್ 1939ರಲ್ಲಿ ವಾಷಿಂಗ್ಟನ್ನಿನ ಕಚೇರಿಗೆ ಹೋದರು. ಕಿಡ್ ಬಡ್ತಿ ಪಡೆದು, ಅದೇ ವಿಭಾಗದ ಅಡ್ಮಿರಲ್ ಆಗಿ ಮತ್ತೆ ಅರಿಜೋನಾಕ್ಕೇ ಬಂದರು. ಡಿಸೆಂಬರ್ 7ರಂದು ಕಿಡ್ ಆ ಹಡಗಿನ ಮೇಲೆಯೇ ಸತ್ತರು. ಡಿಸೆಂಬರ್ 31ರಂದು ನಿಮಿಟ್ಜ್ ಅದೇ ಬಂದರಿಗೆ ಬಂದು ಒಂದು ಜಲಾಂತರ್ಗಾಮಿಯ ಡೆಕ್ಕಿನ ಮೇಲೆ ನಿಂತು ಪೆಸಿಫಿಕ್ ನೌಕಾಬಲದ ಅಧಿಕಾರ ವಹಿಸಿಕೊಂಡರು.

ಹಡಗು ಹವಾಯಿಗೆ ಹೋದದ್ದು 1940ರ ವಸಂತದಲ್ಲಿ, ಕೊನೆಯ ಅಣಕು ಯುದ್ಧಕ್ಕೆಂದು. ಮುಗಿಸಿ ಲಾಂಗ್ ಬೀಚಿಗೆ ಮರಳಬೇಕಿತ್ತು. ಜಪಾನಿಗೆ ಎಚ್ಚರಿಕೆಯಾಗಿ ಅಲ್ಲೇ ಇರಿ ಎಂದು ಆದೇಶ ಬಂತು. ನೌಕಾಬಲದ ಮುಖ್ಯಸ್ಥ ಅಡ್ಮಿರಲ್ ಜೇಮ್ಸ್ ರಿಚರ್ಡ್‌ಸನ್ ಖಡಾಖಂಡಿತವಾಗಿ ವಿರೋಧಿಸಿದರು. ಅಲ್ಲಿ ದುರಸ್ತಿಗೆ ಅನುಕೂಲ ಸಾಲದು, ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಎರಡು ಸಾವಿರ ಮೈಲಿಗೂ ಹೆಚ್ಚು ದೂರದಿಂದ ತರಬೇಕು, ನಾವಿಕರ ಕುಟುಂಬಗಳು ಕ್ಯಾಲಿಫೋರ್ನಿಯಾದಲ್ಲಿವೆ ಎಂದರು. ರೂಸ್‌ವೆಲ್ಟ್ ಎದುರಿಗೇ ಹೇಳಿದರು. 1941ರ ಫೆಬ್ರವರಿಯಲ್ಲಿ ಅವರನ್ನು ಆ ಹುದ್ದೆಯಿಂದ ಇಳಿಸಿದರು. ನನಗೆ ರಿಚರ್ಡ್‌ಸನ್ ಈ ಕಥೆಯಲ್ಲಿ ತುಂಬ ದೊಡ್ಡ ಮನುಷ್ಯ. ತಾನು ಹೇಳಿದ್ದೇ ಸರಿಯಾಯಿತು ಎಂದು ಅವರು ಮುಂದೆ ಎದೆ ತಟ್ಟಿಕೊಳ್ಳಬಹುದಿತ್ತು. ಆದರೆ ನಿಮಿಟ್ಜ್ ಅವರಂಥವರೂ ಆ ವಿಷಯದಲ್ಲಿ ಬೇರೆ ಮಾತು ಹೇಳಿದ್ದಾರೆ: ಹಡಗುಗಳು ಬಂದರಿನಲ್ಲಿ ಮುಳುಗಿದ್ದರಿಂದ ಮೇಲೆತ್ತಲಾಯಿತು, ಆಳ ಕಡಲಲ್ಲಾಗಿದ್ದರೆ ಎಲ್ಲವೂ ಹೋಗುತ್ತಿದ್ದವು ಎಂದು.

1940ರ ಕೊನೆಯಲ್ಲಿ ಅರಿಜೋನಾ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ನೌಕಾಂಗಣಕ್ಕೆ ದುರಸ್ತಿಗೆ ಹೋಗಿ 1941ರ ಜನವರಿಯಲ್ಲಿ ಹೊರಬಂತು. ಯುದ್ಧದ ಛಾಯೆ ದಟ್ಟವಾಗುತ್ತಿದ್ದ ಆ ದಿನಗಳಲ್ಲಿ ಹಡಗಿನ ಬೆಳ್ಳಿಯ ಪಾತ್ರೆಗಳನ್ನು ಕೆಳಗಿಳಿಸಿಬಿಟ್ಟರು. ಅರಿಜೋನಾದ ಜನ ಕೊಟ್ಟ ಉಡುಗೊರೆ ಅದು, ತಾಮ್ರದ ಗಣಿಗಳ ನಾಡು ಎಂಬ ಹೆಮ್ಮೆಗೆ ಬೆಳ್ಳಿಯ ಜೊತೆ ತಾಮ್ರವನ್ನೂ ಸೇರಿಸಿ ಮಾಡಿಸಿದ್ದು. ಹಾಗಾಗಿ ಅವು ಉಳಿದವು. ಫೀನಿಕ್ಸ್ ನಗರದ ಹಳೆಯ ರಾಜ್ಯ ಭವನದ ಮ್ಯೂಸಿಯಮ್ಮಿನಲ್ಲಿ ಈಗಲೂ ನೋಡಬಹುದು.

ಹಡಗಿನ ಬ್ಯಾಂಡಿನಲ್ಲಿ 21 ಮಂದಿ. ವಾಷಿಂಗ್ಟನ್ನಿನ ನೌಕಾ ಸಂಗೀತ ಶಾಲೆಯಲ್ಲಿ ಒಟ್ಟಿಗೇ ಕಲಿತು, 1941ರ ಜೂನ್‌ನಲ್ಲಿ ಒಟ್ಟಿಗೇ ಹಡಗು ಸೇರಿದವರು. ಆ ವರ್ಷ ಪರ್ಲ್ ಹಾರ್ಬರಿನಲ್ಲಿ ಹಡಗುಗಳ ಬ್ಯಾಂಡುಗಳ ನಡುವೆ ಸ್ಪರ್ಧೆ ನಡೆಯುತ್ತಿತ್ತು. ಇವರು ಮುಂದಿನ ಸುತ್ತಿಗೆ ಆಯ್ಕೆಯಾಗಿದ್ದರು. ಡಿಸೆಂಬರ್ 6ರ ರಾತ್ರಿ ಬೇರೆ ಬ್ಯಾಂಡುಗಳು ನುಡಿಸುವುದನ್ನು ಕೇಳಲು ಹೋಗಿದ್ದರು. ಯುದ್ಧದ ಕರೆ ಬಂದಾಗ ಬ್ಯಾಂಡಿನವರ ಕೆಲಸ ಮದ್ದುಗುಂಡು ಸಾಗಿಸುವುದು. ಮರುದಿನ ಬೆಳಗ್ಗೆ 21 ಮಂದಿಯೂ ಹೋದರು. ಸ್ಪರ್ಧೆಯ ಪಾರಿತೋಷಕಕ್ಕೆ ಆಮೇಲೆ ಅರಿಜೋನಾದ ಹೆಸರಿಟ್ಟರು.

ಇನ್ನು ಅಣ್ಣತಮ್ಮಂದಿರ ವಿಷಯ, ಆಗ ಬರುತ್ತೇನೆ ಎಂದಿದ್ದೆ. ಆ ದಿನ ಅರಿಜೋನಾದ ಸಿಬ್ಬಂದಿಯಲ್ಲಿ ಒಡಹುಟ್ಟಿದವರ ಜೋಡಿಗಳು ಮೂವತ್ತೈದಕ್ಕೂ ಹೆಚ್ಚು. ಕೆಲವು ಮನೆಗಳಿಂದ ಮೂವರು. ತಂದೆ ಮಗ ಇಬ್ಬರೂ ಅಲ್ಲೇ ಇದ್ದ ಉದಾಹರಣೆಯೂ ಇದೆ, ಇಬ್ಬರೂ ಉಳಿಯಲಿಲ್ಲ. ಇದಕ್ಕೆ ಕಾರಣ ಆ ಹಸಿದ ಮೂವತ್ತರ ದಶಕ. ಅಣ್ಣ ಊರಿಗೆ ಹಣ ಕಳಿಸುತ್ತಾನೆ, ತಮ್ಮ ಹದಿನೆಂಟು ತುಂಬಿದೊಡನೆ ಅದೇ ಹಡಗಿಗೆ ಹಾಕಿ ಎಂದು ಅರ್ಜಿ ಕೊಡುತ್ತಾನೆ, ನೌಕಾಪಡೆ ಖುಷಿಯಿಂದ ಒಪ್ಪುತ್ತದೆ. ಒಟ್ಟಿಗಿದ್ದರೆ ಮನೆಯ ನೆನಪು ಕಾಡುವುದಿಲ್ಲ, ಕೆಲಸ ಬಿಟ್ಟು ಹೋಗುವುದಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಶಾಂತಿಕಾಲಕ್ಕೆ ಎಲ್ಲವೂ ಒಪ್ಪುವ ಮಾತು. ಆ ರೂಢಿ ಅರಿಜೋನಾದ ಜೊತೆಗೂ ನಿಲ್ಲಲಿಲ್ಲ. ಮರುವರ್ಷದ ನವೆಂಬರ್‌ನಲ್ಲಿ ಸಾಲೊಮನ್ ದ್ವೀಪಗಳ ಬಳಿ ಜೂನೊ ಎಂಬ ಕ್ರೂಸರ್, ಅಂದರೆ ಬ್ಯಾಟಲ್‌ಶಿಪ್‌ಗಿಂತ ಚಿಕ್ಕ ಯುದ್ಧನೌಕೆ, ಮುಳುಗಿತು. ಒಟ್ಟಿಗೇ ಇರಿಸಬೇಕು ಎಂಬ ಷರತ್ತಿನ ಮೇಲೆ ನೌಕಾಪಡೆ ಸೇರಿದ್ದ, ಅಯೋವಾ ರಾಜ್ಯದ ಸಲ್ಲಿವನ್ ಮನೆಯ ಐವರು ಅಣ್ಣತಮ್ಮಂದಿರೂ ಅದರಲ್ಲಿದ್ದರು. ಐವರಲ್ಲಿ ಒಬ್ಬರೂ ಮರಳಿ ಬರಲಿಲ್ಲ.